ಕೆಂಪು ಮುಖದ ಪಾಠಾಂತರಗಳು

ಹಾಡಿನ ಸಾಲಿಗೆ ಅರ್ಥ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಲ್‌ಪಿಯ ಕವರಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗುವ ಸಾಲುಗಳನ್ನು, ಅಂದರೆ ಯಾರು ನುಡಿಸಿದರು, ಎಲ್ಲಿ ಧ್ವನಿಮುದ್ರಣವಾಯಿತು, ಯಾರ ದುಡ್ಡು, ಯಾರ ಹಕ್ಕು ಎಂಬುದನ್ನು, ಬಿಡಿಸಿ ಓದುವವರು ಕಡಿಮೆ. ಕಿಂಗ್ ಕ್ರಿಮ್ಸನ್ ಎಂಬ ಇಂಗ್ಲಿಷ್ ಬ್ಯಾಂಡಿನ ಮೊದಲ ಆಲ್ಬಂ ವಿಷಯದಲ್ಲಿ ಆ ಕೆಲಸ ಮಾಡದೆ ವಿಧಿಯಿಲ್ಲ. 1969ರಲ್ಲಿ ಬಂದ ಈ ಎಲ್‌ಪಿ 1989, 1999, 2004, 2009, 2019 ಹೀಗೆ ಮತ್ತೆ ಮತ್ತೆ ಮರುಬಿಡುಗಡೆ ಕಂಡಿದೆ. ಕವರಿನ ಮೇಲಿನ ಹೆಸರುಗಳು ಇದ್ದ ಹಾಗೇ ಇವೆ. ಒಳಗಿನ ಸದ್ದು ಒಂದೊಂದು ಸಲ ಒಂದೊಂದು ಥರ. ಹಳಗನ್ನಡ ಕಾವ್ಯ ಸಂಪಾದಿಸುವವರು ನಾಲ್ಕಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಯಾವುದು ಕವಿಯ ಪಾಠ, ಯಾವುದು ಲಿಪಿಕಾರನ ಕೈತಪ್ಪು ಎಂದು ತಡಕಾಡುತ್ತಾರಲ್ಲ, ಇಲ್ಲೂ ಅದೇ ಪಾಡು. ಆದರೆ ಇಲ್ಲಿ ಕವಿ ಬದುಕಿದ್ದಾನೆ. ಸಂಪಾದಕನ ಪಕ್ಕದಲ್ಲೇ ಕೂತು ತನ್ನ ಪಾಠವನ್ನು ತಾನೇ ತಿದ್ದುತ್ತಿದ್ದಾನೆ.

ಕವರಿನ ಸಾಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಮೊದಲು 1969ರವು, ಆಮೇಲೆ ಮರುಬಿಡುಗಡೆಗಳು ತಂದು ಸೇರಿಸಿದವು. ಹೆಸರುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕನ್ನಡದಲ್ಲಿ ಹೇಳಿಕೊಂಡಿದ್ದೇನೆ.

ಮುಂಬದಿ: ಅಕ್ಷರವಿಲ್ಲ

ವ್ಯಾಖ್ಯಾನ ಶುರುವಾಗುವುದೇ ಇಲ್ಲದ ಸಾಲಿನಿಂದ. ಮೂಲ ಎಲ್‌ಪಿಯ ಮುಂಬದಿಯಲ್ಲಿ ಬ್ಯಾಂಡಿನ ಹೆಸರೂ ಇರಲಿಲ್ಲ, ಆಲ್ಬಮ್ಮಿನ ಹೆಸರೂ ಇರಲಿಲ್ಲ. ಇಡೀ ಕವರು ತುಂಬ ಒಂದೇ ಮುಖ: ಕೆಂಪಗೆ ಉರಿಯುವ ಚರ್ಮ, ಅರಳಿದ ಮೂಗಿನ ಹೊಳ್ಳೆ, ಗಂಟಲಿನ ಕಿರುನಾಲಗೆ ಕಾಣುವಷ್ಟು ತೆರೆದ ಬಾಯಿ, ಪಕ್ಕಕ್ಕೆ ಹೊರಳಿ ಏನನ್ನೋ ಕಂಡು ಬೆದರಿದ ಕಣ್ಣು. ಕವರನ್ನು ಪೂರ್ತಿ ಬಿಡಿಸಿದರೆ ಕಿವಿ ಹಿಂಬದಿಗೆ ಹಾಯುತ್ತದೆ. ಯಾರೂ ಕೇಳಿರದ ಹೊಸ ಹುಡುಗರ ಮೊದಲ ತಟ್ಟೆಯನ್ನು ಹೆಸರಿಲ್ಲದೆ ಅಂಗಡಿಯ ಕಪಾಟಿನಲ್ಲಿ ನಿಲ್ಲಿಸುವುದಕ್ಕೆ ಎದೆಗಾರಿಕೆ ಬೇಕು. ಅದು ಫಲಿಸಿತು ಕೂಡ: ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನ, ಅಮೆರಿಕದಲ್ಲಿ 28.

ಚಿತ್ರ ಬರೆದವನು ಬ್ಯಾರಿ ಗಾಡ್ಬರ್. ವೃತ್ತಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮರ್, ಗೀತರಚನಕಾರ ಪೀಟರ್ ಸಿನ್‌ಫೀಲ್ಡನ ಗೆಳೆಯ. ಆಲ್ಬಂ ಹೊರಬಂದದ್ದು 1969ರ ಅಕ್ಟೋಬರ್ 10ಕ್ಕೆ. 1970ರ ಫೆಬ್ರವರಿಯಲ್ಲಿ ಗಾಡ್ಬರ್ ಹೃದಯಾಘಾತದಿಂದ ತೀರಿಕೊಂಡ, ಇನ್ನೂ 24 ವರ್ಷ. ಅವನು ಬರೆದ ಕವರು ಇದೊಂದೇ. ಮೂಲ ಚಿತ್ರ ಬ್ಯಾಂಡಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಚೇರಿಯ ಗೋಡೆಯ ಮೇಲೆ ಬಿಸಿಲಿಗೆ ಬಾಡುತ್ತಿತ್ತಂತೆ. ಹಾಳಾಗುತ್ತದೆಂದು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅದನ್ನು ತಂದು ತನ್ನಲ್ಲೇ ಇಟ್ಟುಕೊಂಡ. ಕವರಿನ ಒಳಮೈಯಲ್ಲಿ ಇನ್ನೊಂದು ಮುಖವಿದೆ, ನಗುವ ಮುಖ. ಆ ನಗುವ ಬಾಯಿಯನ್ನು ಕೈಯಿಂದ ಮುಚ್ಚಿ ಕಣ್ಣು ಮಾತ್ರ ನೋಡಿದರೆ ಅಲ್ಲಿರುವುದು ದುಃಖ ಎಂದು ಫ್ರಿಪ್ ಹೇಳಿದ್ದುಂಟು. 12 ಇಂಚಿನ ಕವರಿನಲ್ಲಿ ಮುಚ್ಚಿ ನೋಡಬಹುದು. ಸಿಡಿಯ ಅಂಗೈ ಅಗಲದ ಹಾಳೆಯಲ್ಲಿ ಬಾಯಿಗೆ ಬೆರಳಿಟ್ಟರೆ ಕಣ್ಣೂ ಮುಚ್ಚಿಹೋಗುತ್ತದೆ. ಮರುಬಿಡುಗಡೆಗಳ ಮೊದಲ ನಷ್ಟ ಕಿವಿಯದಲ್ಲ, ಕಣ್ಣಿನದು.

ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್: ಕಿಂಗ್ ಕ್ರಿಮ್ಸನ್ ಕಂಡ ಒಂದು ನೋಟ

ಇದು ಆಲ್ಬಮ್ಮಿನ ಪೂರ್ತಿ ಹೆಸರು. ರಾಜನೂ ಅದೇ, ಬ್ಯಾಂಡೂ ಅದೇ. ಯಾರ ಆಸ್ಥಾನವೋ ಅವನೇ ಅದರ ವರದಿ ಒಪ್ಪಿಸುತ್ತಿದ್ದಾನೆ. ಬ್ಯಾಂಡಿಗೆ ಹೆಸರು ಹುಡುಕಿದವನು ಸಿನ್‌ಫೀಲ್ಡ್; ವಾದ್ಯ ನುಡಿಸದವನು ಹೆಸರಿಟ್ಟ, ನುಡಿಸುವವರು ಒಪ್ಪಿಕೊಂಡರು. ಬ್ಯಾಂಡು ಹುಟ್ಟಿದ ದಿನವೆಂದು ಗುರುತಿಸುವುದು 1969ರ ಜನವರಿ 13, ಲಂಡನ್ನಿನ ಫುಲಮ್ ಪ್ಯಾಲೆಸ್ ರಸ್ತೆಯ ಒಂದು ಕೆಫೆಯ ನೆಲಮಾಳಿಗೆಯಲ್ಲಿ ತಾಲೀಮು ಶುರುವಾದ ದಿನ. ಅಲ್ಲಿಂದ ಆರು ತಿಂಗಳು ತುಂಬುವ ಮೊದಲೇ, ಜುಲೈ 5ರಂದು, ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಏರ್ಪಡಿಸಿದ ಉಚಿತ ಕಛೇರಿಯಲ್ಲಿ ಲಕ್ಷಾಂತರ ಜನರೆದುರು ನುಡಿಸಿದರು. ಸ್ಟೋನ್ಸ್ ನೋಡಲು ಬಂದ ಜನ ಈ ಅಪರಿಚಿತರ ಹೆಸರು ಕೇಳಿಕೊಂಡು ಮನೆಗೆ ಹೋದರು. ಆಗ ಇವರದೊಂದು ತಟ್ಟೆಯೂ ಅಂಗಡಿಯಲ್ಲಿರಲಿಲ್ಲ.

ರಾಬರ್ಟ್ ಫ್ರಿಪ್: ಗಿಟಾರ್

ಇಂಗ್ಲೆಂಡಿನ ದಕ್ಷಿಣದ ಡಾರ್ಸೆಟ್ ಪ್ರಾಂತದ ವಿಂಬೋರ್ನ್ ಊರಿನವನು. ಕುರ್ಚಿ ಹಾಕಿ ಕೂತೇ ನುಡಿಸುವವನು, ಎಡಚನಾದರೂ ಬಲಗೈ ಗಿಟಾರ್ ಹಿಡಿದವನು. ಬ್ಯಾಂಡಿನ ಐವರಲ್ಲಿ ಕೊನೆಯವರೆಗೂ ಕಿಂಗ್ ಕ್ರಿಮ್ಸನ್ ಹೆಸರು ಹೊತ್ತು ನಡೆದವನು ಇವನೊಬ್ಬನೇ. ಹಾಗಾಗಿ ಮರುಬಿಡುಗಡೆಗಳಲ್ಲೆಲ್ಲ ಕೊನೆಯ ಮಾತು ಇವನದು. ಇದನ್ನು ಮುಂದೆ ಮೂನ್‌ಚೈಲ್ಡ್ ಎಂಬ ಹಾಡು ಬಂದಾಗ ನೆನಪಿಸಿಕೊಳ್ಳಬೇಕು.

ಇಯನ್ ಮ್ಯಾಕ್‌ಡೊನಾಲ್ಡ್: ಊದುವಾದ್ಯಗಳು, ವೈಬ್ರಫೋನ್, ಕೀಬೋರ್ಡು, ಮೆಲೋಟ್ರಾನ್, ಹಾಡುಗಾರಿಕೆ

ಕವರಿನಲ್ಲಿ ಅತಿ ಉದ್ದದ ಸಾಲು ಇವನದು, ನ್ಯಾಯವೂ ಅದೇ. ಈ ಆಲ್ಬಂ ಮ್ಯಾಕ್‌ಡೊನಾಲ್ಡನದು ಎಂದರೂ ತಪ್ಪಿಲ್ಲ. ಸೇನೆಯ ಬ್ಯಾಂಡಿನಲ್ಲಿ ಹುಡುಗನಾಗಿ ಸೇರಿ ಸಂಗೀತ ಕಲಿತವನು. ಬರೆದ ಸ್ವರ ನೋಡಿ ನುಡಿಸಬಲ್ಲ, ನಾಲ್ಕು ವಾದ್ಯಕ್ಕೆ ಸ್ವರ ಹಂಚಬಲ್ಲ. ರಾಕ್ ಬ್ಯಾಂಡುಗಳಲ್ಲಿ ಆ ಕಾಲಕ್ಕೆ ಇದು ಅಪರೂಪದ ವಿದ್ಯೆ.

ಪಟ್ಟಿಯಲ್ಲಿರುವ ಮೆಲೋಟ್ರಾನ್ ಬಗ್ಗೆ ಸ್ವಲ್ಪ ನಿಲ್ಲೋಣ. ನೋಡಲು ಭಾರಿ ಮರದ ಪೆಟ್ಟಿಗೆಗೆ ಪಿಯಾನೊ ಮನೆಗಳನ್ನು ಜೋಡಿಸಿದಂತಿರುತ್ತದೆ. ಒಳಗೆ ಒಂದೊಂದು ಮನೆಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯಲ್ಲಿ ಪಿಟೀಲುಗಳೋ ಕೊಳಲೋ ಒಂದೇ ಸ್ವರವನ್ನು ಎಳೆದು ನುಡಿಸಿದ ಧ್ವನಿಮುದ್ರಿಕೆ. ಮನೆ ಒತ್ತಿದರೆ ಟೇಪು ಓಡುತ್ತದೆ, ಸ್ವರ ಬರುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪಟ್ಟಿ ಇರುವುದು ಸುಮಾರು ಎಂಟು ಸೆಕೆಂಡಿನಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಸ್ವರ ನಡುವೆಯೇ ಸತ್ತುಹೋಗುತ್ತದೆ. ಮೋಟಾರಿನ ಓಟ ಒಂದೇ ಸಮ ಇರದ್ದರಿಂದ ಸ್ವರ ಸಣ್ಣಗೆ ನಡುಗುತ್ತದೆ. ಬರ್ಮಿಂಗ್‌ಹ್ಯಾಮಿನ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್‌ನವರು ಇದನ್ನು ತಯಾರಿಸುತ್ತಿದ್ದುದು ಮನೆಯ ಹಾಲಿನಲ್ಲಿ, ಕ್ಲಬ್ಬುಗಳಲ್ಲಿ ಮನರಂಜನೆಗೆ ನುಡಿಸಲೆಂದು. ಮೂಡಿ ಬ್ಲೂಸ್ ಬ್ಯಾಂಡಿನ ಮೈಕ್ ಪಿಂಡರ್ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವನು. ರಾಕ್ ಸಂಗೀತಕ್ಕೆ ಇದನ್ನು ಪಳಗಿಸಿದವರಲ್ಲಿ ಮೊದಲಿಗ. ಅವನ ಕೈಯಲ್ಲಿ ಅದು ಹಿತವಾಗಿ ಹಿನ್ನೆಲೆಗೆ ನಿಂತಿತ್ತು. ಮ್ಯಾಕ್‌ಡೊನಾಲ್ಡ್ ಅದನ್ನು ಮುಂದಕ್ಕೆ ತಂದು ಪದರದ ಮೇಲೆ ಪದರ ಹಾಕಿ, ಆಕಾಶ ಮೇಲೆ ಕುಸಿಯುತ್ತಿದೆಯೇನೋ ಎನ್ನುವ ಹಾಗೆ ಮೊಳಗಿಸಿದ. ನಿಜವಾದ ಪಿಟೀಲು ತಂಡ ಕರೆಸಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಆ ನಡುಕವೇ ಇದರ ಗುಣ.

ಬ್ಯಾಂಡು ಕಟ್ಟಿ ವರ್ಷ ತುಂಬುವ ಮೊದಲೇ, 1969ರ ಡಿಸೆಂಬರಿನ ಅಮೆರಿಕ ಪ್ರವಾಸದಲ್ಲಿ, ಮ್ಯಾಕ್‌ಡೊನಾಲ್ಡ್ ಮತ್ತು ಡ್ರಮ್ಸ್‌ನ ಮೈಕಲ್ ಜೈಲ್ಸ್ ಬಿಡುವುದಾಗಿ ಹೇಳಿದರು. ನೀವಿರಿ, ಬೇಕಾದರೆ ನಾನೇ ಹೋಗುತ್ತೇನೆ ಎಂದು ಫ್ರಿಪ್ ಅಂದರೂ ಅವರು ನಿಲ್ಲಲಿಲ್ಲ. ಮ್ಯಾಕ್‌ಡೊನಾಲ್ಡ್ ಮುಂದೆ ಫಾರಿನರ್ ಬ್ಯಾಂಡಿನ ಸ್ಥಾಪಕರಲ್ಲೊಬ್ಬನಾಗಿ ಹೆಸರು, ದುಡ್ಡು ಎರಡನ್ನೂ ಕಂಡ. ಟೋಬಿ ಏಮಿಸ್ ಮಾಡಿದ, 2022ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರದಲ್ಲಿ ಹಾಗೆ ಬಿಟ್ಟುಹೋದದ್ದಕ್ಕೆ ಅವನು ಫ್ರಿಪ್‌ನ ಕ್ಷಮೆ ಕೇಳುವುದನ್ನು ನೋಡಬಹುದು. ಅದೇ 2022ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ.

ಗ್ರೆಗ್ ಲೇಕ್: ಬೇಸ್ ಗಿಟಾರ್, ಮುಖ್ಯ ಗಾಯನ

ಲೇಕ್ ಮತ್ತು ಫ್ರಿಪ್ ಒಂದೇ ಮೇಷ್ಟರ ಹತ್ತಿರ ಗಿಟಾರ್ ಕಲಿತವರು, ಡಾನ್ ಸ್ಟ್ರೈಕ್ ಎಂಬುವರಲ್ಲಿ. ಲೇಕ್‌ನದು ಚರ್ಚಿನ ಹುಡುಗರ ಕಂಠದಷ್ಟು ಶುದ್ಧವಾದ ದನಿ. ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಅದನ್ನೇ ಕೆಡಿಸಿ, ಕರ್ಕಶ ಮಾಡಿ ಕೊಟ್ಟಿದ್ದಾರೆ. ಎರಡನೇ ಹಾಡಿನಲ್ಲಿ ಮೊದಲ ಸಲ ನಿಜವಾದ ದನಿ ಕೇಳುತ್ತದೆ. 1970ರಲ್ಲಿ ಇವನೂ ಬಿಟ್ಟು ಎಮರ್ಸನ್, ಲೇಕ್ ಅಂಡ್ ಪಾಮರ್ ಕಟ್ಟಿದ.

ಮೈಕಲ್ ಜೈಲ್ಸ್: ಡ್ರಮ್ಸ್, ತಾಳವಾದ್ಯ, ಹಾಡುಗಾರಿಕೆ

ಮರುಬಿಡುಗಡೆಗಳಿಂದ ಹೆಚ್ಚು ಲಾಭವಾದದ್ದು ಇವನಿಗೆ. ಹಳೆಯ ಸಿಡಿಗಳಲ್ಲಿ ಮೆಲೋಟ್ರಾನಿನ ಮಂಜಿನೊಳಗೆ ಮುಳುಗಿದ್ದ ಸಣ್ಣ ಸಣ್ಣ ಸಿಂಬಲ್ ತಟ್ಟುಗಳು, ಸ್ನೇರ್ ಡ್ರಮ್ಮಿನ ಮೇಲೆ ಉಗುರು ಗೀರಿದಂಥ ಹೊಡೆತಗಳು ಹೊಸ ಮಿಕ್ಸಿನಲ್ಲಿ ಒಂದೊಂದಾಗಿ ಎದ್ದು ಬರುತ್ತವೆ. ಹಾಡಿನ ಸಾಲು ಮುಗಿದ ಕಡೆ ಎಲ್ಲರೂ ತುಂಬುವ ಜಾಗವನ್ನು ಇವನು ತುಂಬುವುದಿಲ್ಲ. ಯಾರೂ ನಿರೀಕ್ಷಿಸದ ಕಡೆ ತುಂಬುತ್ತಾನೆ.

ಪೀಟರ್ ಸಿನ್‌ಫೀಲ್ಡ್: ಪದ ಮತ್ತು ಬೆಳಕು

ಬೆಳಕು ಅಲಂಕಾರದ ಮಾತಲ್ಲ, ಅವನು ಕಛೇರಿಗಳಲ್ಲಿ ದೀಪ ನಡೆಸುತ್ತಿದ್ದ. ಸ್ವರ ನುಡಿಸದವನನ್ನೂ ಐದನೆಯವನಾಗಿ ಬ್ಯಾಂಡಿನ ಸದಸ್ಯರ ಸಾಲಿನಲ್ಲೇ ಕೂರಿಸಿದ್ದು ಆಗ ಅಪರೂಪ. ಮಾಂತ್ರಿಕರು, ಗೊಂಬೆಗಳು, ಬೆಂಕಿಯ ಮಾಟಗಾತಿ, ಕೆಂಪು ರಾಜ ಎಂದು ಅವನ ಪದಗಳು ಹಿಗ್ಗುತ್ತ ಹೋಗುತ್ತವೆ. ನನಗೆ ಕೆಲವು ಕಡೆ ಅತಿಯಾಯಿತು ಅನ್ನಿಸುತ್ತದೆ. ಆದರೆ ಇದೇ ಮನುಷ್ಯ ಮುಂದೆ ಬಕ್ಸ್ ಫಿಜ್ ಎಂಬ ಪಾಪ್ ತಂಡಕ್ಕೂ, ಆಂಡಿ ಹಿಲ್ ಜೊತೆ ಸೇರಿ ಸೆಲೀನ್ ಡಿಯಾನ್ ಹಾಡಿದ ಥಿಂಕ್ ಟ್ವೈಸ್‌ಗೂ ಪದ ಕೊಟ್ಟ ಎಂಬುದನ್ನು ಈ ಬಗೆಯ ಸಂಗೀತದ, ಅಂದರೆ ಪ್ರೊಗ್ರೆಸಿವ್ ರಾಕ್‌ನ, ಭಕ್ತರು ಸಾಮಾನ್ಯವಾಗಿ ನೆನಪಿಸಿಕೊಳ್ಳುವುದಿಲ್ಲ. 2024ರ ನವೆಂಬರಿನಲ್ಲಿ ತೀರಿಕೊಂಡ.

ಮೊದಲ ಬದಿ, ಒಂದು: ಟ್ವೆಂಟಿಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್, ಜೊತೆಗೆ ಮಿರರ್ಸ್

ಶುರುವಿನಲ್ಲಿ ಅರ್ಧ ನಿಮಿಷದಷ್ಟು ಗಾಳಿಯಾಡಿದಂತೆ ಸಣ್ಣ ಸದ್ದು. ಹೊಸಬರು ಏನೂ ಕೇಳುತ್ತಿಲ್ಲವೆಂದು ವಾಲ್ಯೂಮು ಏರಿಸುತ್ತಾರೆ. ಆಗ ಗಿಟಾರು, ಸ್ಯಾಕ್ಸೊಫೋನು, ಬೇಸು ಒಟ್ಟಿಗೆ ಮೈಮೇಲೆ ಬೀಳುತ್ತವೆ. ಆ ಗಾಳಿಯ ಸದ್ದು ಹೇಗೆ ಹುಟ್ಟಿತೆಂಬುದಕ್ಕೆ 2009ರ ಮರುಬಿಡುಗಡೆಯಲ್ಲಿ ಸಾಕ್ಷಿಯೇ ಇದೆ. ಅಂದಿನ ಧ್ವನಿಮುದ್ರಣದ ಟೇಪಿನಿಂದ ತೆಗೆದ ಒಂದು ತುಣುಕನ್ನು ವಿಂಡ್ ಸೆಷನ್ ಎಂಬ ಹೆಸರಿನಲ್ಲಿ ಸೇರಿಸಿದ್ದಾರೆ. ಜನ ನೂರು ಸಲ ಕೇಳಿ, ಗಮನಿಸದೆ ಬಿಟ್ಟ ಅರ್ಧ ನಿಮಿಷದ ಹಿಂದೆ ನಿಮಿಷಗಟ್ಟಲೆ ಕೆಲಸವಿತ್ತು.

ಹಾಡಿನ ವಸ್ತು ವಿಯೆಟ್ನಾಂ ಯುದ್ಧ. ನೇಪಾಮ್ ಬೆಂಕಿ, ರಾಜಕಾರಣಿಗಳ ಶವಸಂಸ್ಕಾರ, ಹಸಿವು, ದುರಾಸೆ ಇವನ್ನೆಲ್ಲ ಚೂರುಚೂರು ಚಿತ್ರಗಳಾಗಿ ಎಸೆದಿದ್ದಾರೆ. 1969ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್ ವೇದಿಕೆಯಲ್ಲಿ ಫ್ರಿಪ್ ಇದನ್ನು ಆಗಿನ ಅಮೆರಿಕದ ಉಪಾಧ್ಯಕ್ಷ ಸ್ಪೈರೊ ಆ್ಯಗ್ನೂಗೆ ವ್ಯಂಗ್ಯವಾಗಿ ಅರ್ಪಿಸಿದ. ಅದರ ಧ್ವನಿಮುದ್ರಣ 1997ರಲ್ಲಿ ಹೊರಬಂತು.

ಮಿರರ್ಸ್ ಎಂದು ಹೆಸರಿಟ್ಟಿರುವುದು ನಡುವಿನ ಓಟಕ್ಕೆ. ಅಲ್ಲಿ ಹಾಡು ನಿಂತು ಜಾಝ್ ಹಿಡಿಯುತ್ತದೆ. ಮೊದಲು ಗಿಟಾರಿನ ಉದ್ದ ಆಲಾಪ, ಆಮೇಲೆ ಸ್ಯಾಕ್ಸೊಫೋನಿನದು. ಅದಾದ ಮೇಲೆ ಬರುವುದೇ ನಿಜವಾದ ಚಮತ್ಕಾರ: ನಾಲ್ವರೂ ಒಟ್ಟಿಗೆ, ಒಂದೇ ಸ್ವರಗುಚ್ಛವನ್ನು, ಕತ್ತರಿಸಿ ಕತ್ತರಿಸಿ ನುಡಿಸುತ್ತಾರೆ. ನಡುನಡುವೆ ಪೂರ್ತಿ ಮೌನ. ಜೋರಿನಿಂದ ತೀರ ಮೆಲುವಿಗೆ ಇಳಿದು, ಮತ್ತೆ ಜೋರು. ಯಾರೊಬ್ಬ ಕೂದಲೆಳೆಯಷ್ಟು ಮುಂದಾದರೂ ಎಲ್ಲ ಬಯಲಾಗುತ್ತದೆ, ಏಕೆಂದರೆ ಆ ಮೌನದಲ್ಲಿ ಅಡಗಲು ಜಾಗವಿಲ್ಲ. ಮೂಲ ಮಾಸ್ಟರ್ ಟೇಪಿನ ದೋಷ ಅತಿ ಹೆಚ್ಚು ಕಾಣುವುದೂ ಈ ಹಾಡಿನಲ್ಲೇ. ಆ ದೋಷದ ಕಥೆ ಮುಂದೆ.

ಎರಡು: ಐ ಟಾಕ್ ಟು ದ ವಿಂಡ್

ಹಿಂದಿನ ಹಾಡಿನ ಬೂದಿಯ ಮೇಲೆ ಕೊಳಲು. ಇದರ ಹಳೆಯ ರೂಪವೊಂದನ್ನು 1968ರಲ್ಲಿ ಫ್ರಿಪ್ ಮತ್ತು ಜೈಲ್ಸ್ ಸೋದರರು ಬಾಡಿಗೆ ಮನೆಯಲ್ಲೇ ಮುದ್ರಿಸಿಕೊಂಡಿದ್ದರು. ಫೇರ್‌ಪೋರ್ಟ್ ಕನ್ವೆನ್ಷನ್ ಬಿಟ್ಟು ಬಂದಿದ್ದ ಜೂಡಿ ಡೈಬಲ್ ಹಾಡಿದ್ದಳು. ಲೇಕ್ ಚೆನ್ನಾಗಿಯೇ ಹಾಡಿದ್ದಾನೆ. 2009ರಲ್ಲಿ ಸೇರಿಸಿದ ಕೊಳಲು-ಗಿಟಾರಿನ ಜೋಡಿ ರೂಪವನ್ನು ಕೇಳಿದ ಮೇಲೆ ಮಾತ್ರ ಮ್ಯಾಕ್‌ಡೊನಾಲ್ಡನ ರಾಗಕ್ಕೆ ಪದವೇ ಬೇಕಿರಲಿಲ್ಲವೇನೋ ಅನ್ನಿಸಿತು.

ಮೂರು: ಎಪಿಟಾಫ್, ಜೊತೆಗೆ ಎರಡು ಉಪಶೀರ್ಷಿಕೆ

ಉಪಶೀರ್ಷಿಕೆಗಳ ಬಗ್ಗೆ ಒಂದು ಮಾತು. ಇಡೀ ಆಲ್ಬಮ್ಮಿನಲ್ಲಿರುವುದು ಐದೇ ಹಾಡು. ಅವುಗಳಲ್ಲಿ ನಾಲ್ಕಕ್ಕೆ ಇಂಥ ಬಾಲಗಳಿವೆ. ಕೇಳುವಾಗ ಇಲ್ಲಿಂದ ಇಲ್ಲಿಗೆ ಇದು, ಅಲ್ಲಿಂದ ಅದು ಎಂದು ಗೆರೆ ಎಳೆಯುವುದು ಕಷ್ಟ. ಇವು ಗಂಭೀರ ಕೃತಿಗಳು ಎಂದು ಸಾರುವ ಬಿರುದುಬಾವಲಿಯಂತೆ ಇವೆ. ಪ್ರೊಗ್ರೆಸಿವ್ ರಾಕ್‌ಗೆ ಅಂಟಿದ ದೊಡ್ಡಸ್ತಿಕೆಯ ಚಾಳಿ ಇಲ್ಲಿಂದಲೇ ಶುರು ಎನ್ನಬಹುದು.

ಹಾಡು ಮಾತ್ರ ಬಾಲದ ಹಂಗಿಲ್ಲದೆ ನಿಲ್ಲುತ್ತದೆ. ಕೆಟಲ್‌ಡ್ರಮ್ಮಿನ ಗುಡುಗು, ಅದರ ಮೇಲೆ ಮೆಲೋಟ್ರಾನಿನ ಅಲೆ, ನಡುವೆ ಲೇಕ್‌ನ ದನಿ ಒಂಟಿಯಾಗಿ. ಅಣುಬಾಂಬಿನ ನೆರಳಲ್ಲಿ ಬೆಳೆದ ತಲೆಮಾರಿನ ಭಯವನ್ನು ಹೀಗೆ ಎತ್ತರದ ದನಿಯಲ್ಲಿ ಹಾಡಿದವರು ಕಡಿಮೆ. ತಾಂತ್ರಿಕವಾಗಿ ನೋಡಿದರೆ ಹೊಸ ಮಿಕ್ಸುಗಳು ಹೆಚ್ಚು ದುಡಿದಿರುವುದು ಇಲ್ಲೇ. ಫ್ರಿಪ್ ನುಡಿಸಿದ ಅಕೂಸ್ಟಿಕ್ ಗಿಟಾರಿನ ತಂತಿ ತಂತಿಯೂ ಈಗ ಬೇರೆ ಬೇರೆಯಾಗಿ ಕೇಳುತ್ತದೆ.

ಎರಡನೇ ಬದಿ, ಒಂದು: ಮೂನ್‌ಚೈಲ್ಡ್

ಜಗಳವಿರುವುದು ಈ ಸಾಲಿನಲ್ಲಿ. ಮೂಲ ಎಲ್‌ಪಿಯಲ್ಲಿ ಇದರ ಉದ್ದ 12 ನಿಮಿಷಕ್ಕೆ ಮೇಲು. ಅದರಲ್ಲಿ ಹಾಡು ಎನ್ನುವುದು ಮೊದಲ ಎರಡೂವರೆ ನಿಮಿಷದೊಳಗೆ ಮುಗಿದುಹೋಗುತ್ತದೆ. ಉಳಿದದ್ದು ಮೂವರು ಸ್ಟುಡಿಯೊದಲ್ಲಿ ಕೂತು ಮನೋಧರ್ಮದಲ್ಲಿ ನುಡಿಸಿಕೊಂಡದ್ದು: ಫ್ರಿಪ್‌ನ ಗಿಟಾರು, ಮ್ಯಾಕ್‌ಡೊನಾಲ್ಡನ ವೈಬ್ರಫೋನು, ಜೈಲ್ಸನ ಡ್ರಮ್ಸು. ತಾಳವಿಲ್ಲ, ನೆಚ್ಚಿಕೊಳ್ಳಲು ರಾಗವಿಲ್ಲ. ಒಬ್ಬ ಒಂದು ಸ್ವರ ಇಟ್ಟು ಸುಮ್ಮನಾಗುತ್ತಾನೆ. ಇನ್ನೊಬ್ಬ ಅದಕ್ಕೆ ಉತ್ತರ ಕೊಡಲೋ ಬೇಡವೋ ಎಂದು ಯೋಚಿಸುತ್ತಾನೆ. ಒಂದು ಕಡೆ ಫ್ರಿಪ್ ಒಕ್ಲಹೋಮ ಎಂಬ ಬ್ರಾಡ್‌ವೇ ಸಂಗೀತನಾಟಕದ ಹಳೆಯ ಧಾಟಿಯೊಂದನ್ನು ನಗುತ್ತ ತೂರಿಸುತ್ತಾನೆ.

ಅರ್ಧಕ್ಕರ್ಧ ಜನ ಇದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗುತ್ತಾರೆ. ತಟ್ಟೆ ತುಂಬಿಸಲು ಹಾಕಿದ್ದು ಎಂದು ಮೂಗು ಮುರಿದವರೂ ಉಂಟು. 2009ರಲ್ಲಿ ಪಾರ್ಕ್ಯುಪೈನ್ ಟ್ರೀ ಬ್ಯಾಂಡಿನ ಸ್ಟೀವನ್ ವಿಲ್ಸನ್ ಮತ್ತು ಫ್ರಿಪ್ ಕೂತು ಹೊಸ ಮಿಕ್ಸು ಮಾಡಿದಾಗ ಈ ಭಾಗದಲ್ಲಿ ಮೂರು ನಿಮಿಷದಷ್ಟನ್ನು ಕತ್ತರಿಸಿ ಒಂಬತ್ತು ನಿಮಿಷಕ್ಕೆ ಇಳಿಸಿದರು. ಪೂರ್ತಿ ರೂಪವನ್ನು ಹೆಚ್ಚುವರಿ ತುಣುಕಾಗಿ ಬೇರೆ ಕಡೆ ಇಟ್ಟರು, ನಿಜ. ಆದರೆ ಆಲ್ಬಂ ಎಂದು ಒಂದೇ ಓಟದಲ್ಲಿ ಕೇಳುವವನಿಗೆ ಸಿಗುವುದು ಕತ್ತರಿಸಿದ್ದೇ.

ಸ್ವರ ಹಾಕಿದವನೇ ತೆಗೆದಿದ್ದಾನೆ, ನಮಗೇನು ಎನ್ನಬಹುದು. ನಾನು ಒಪ್ಪುವುದಿಲ್ಲ. ನುಡಿಸಿದ ಮೂವರಲ್ಲಿ ಕತ್ತರಿ ಹಿಡಿದವನು ಒಬ್ಬ. ಅದಕ್ಕಿಂತ ದೊಡ್ಡ ಕಾರಣ, ಈ ಹತ್ತು ನಿಮಿಷದ ಬೇಸರಕ್ಕೆ ಆಲ್ಬಮ್ಮಿನಲ್ಲಿ ಒಂದು ಕೆಲಸವಿದೆ. ಮೊದಲ ಬದಿ ಕಿವಿಯ ಮೇಲೆ ಅಷ್ಟು ಭಾರ ಹೇರಿದೆ. ಕೊನೆಯ ಹಾಡು ಇನ್ನಷ್ಟು ಹೇರಲಿದೆ. ನಡುವೆ ಕಿವಿ ಚಿಕ್ಕ ಸದ್ದಿಗೆ ಒಗ್ಗಿಕೊಳ್ಳಬೇಕು. ಪೂರ್ತಿ ಹನ್ನೆರಡು ನಿಮಿಷ ಕೂತು, ವೈಬ್ರಫೋನಿನ ಒಂದೊಂದು ಹನಿಗೆ ಕಾದವನ ಮೇಲೆ ಮುಂದಿನ ಹಾಡಿನ ಮೊದಲ ಹೊಡೆತ ಬೀಳುವ ರೀತಿಯೇ ಬೇರೆ. ಒಂಬತ್ತು ನಿಮಿಷದ ಪಾಠದಲ್ಲಿ ಆ ಹೊಡೆತ ಚೆಂದವಾಗಿದೆ, ಭಯವಿಲ್ಲ.

ಎರಡು: ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್

ರಾಗ ಮ್ಯಾಕ್‌ಡೊನಾಲ್ಡ್, ಪದ ಸಿನ್‌ಫೀಲ್ಡ್. ಪಲ್ಲವಿಯಲ್ಲಿ ಹೆಚ್ಚುಕಡಿಮೆ ಪದವೇ ಇಲ್ಲ. ಮೆಲೋಟ್ರಾನ್ ಮತ್ತು ಎಲ್ಲರ ಬಾಯಿಂದ ಬರುವ ಉದ್ದನೆಯ ಸ್ವರ. ಕೇಳಿದವರು ಮರೆಯದಿರುವುದು ಅದನ್ನೇ. ಏಳು ನಿಮಿಷದ ಹತ್ತಿರ ಹಾಡು ಮುಗಿದೇಹೋಯಿತು ಎನ್ನುವಂತೆ ನಿಲ್ಲುತ್ತದೆ. ಆಮೇಲೆ ಎಲ್ಲಿಂದಲೋ ಪೀಪಿಯಂಥ ಆರ್ಗನ್ನು ಅದೇ ರಾಗವನ್ನು ಗೊಂಬೆಯಾಟದವರ ಹಾಗೆ ನುಡಿಸುತ್ತದೆ, ಮತ್ತೆ ಎಲ್ಲರೂ ಬಂದು ಬೀಳುತ್ತಾರೆ. 2006ರ ಚಿಲ್ಡ್ರನ್ ಆಫ್ ಮೆನ್ ಸಿನಿಮಾದಲ್ಲಿ ಈ ಹಾಡನ್ನು ಬಳಸಿದ್ದಾರೆ.

ಧ್ವನಿಮುದ್ರಣ: ವೆಸೆಕ್ಸ್ ಸ್ಟುಡಿಯೊ, ಲಂಡನ್, ಎಂಜಿನಿಯರ್ ರಾಬಿನ್ ಥಾಂಪ್ಸನ್, ಸಹಾಯಕ ಟೋನಿ ಪೇಜ್

ಹೈಬರಿಯಲ್ಲಿ ಚರ್ಚಿಗೆ ಸೇರಿದ್ದ ಹಳೆಯ ಸಭಾಂಗಣವೊಂದನ್ನು ಸ್ಟುಡಿಯೊ ಮಾಡಿದ್ದರು. ಎಂಟು ವರ್ಷಗಳ ಮೇಲೆ ಇದೇ ಕೋಣೆಗಳಲ್ಲಿ ಸೆಕ್ಸ್ ಪಿಸ್ಟಲ್ಸ್ ತಮ್ಮ ಆಲ್ಬಂ ಮಾಡಿದರು, 1979ರಲ್ಲಿ ಕ್ಲ್ಯಾಶ್ ಲಂಡನ್ ಕಾಲಿಂಗ್ ಮಾಡಿತು. ಪ್ರೊಗ್ರೆಸಿವ್ ರಾಕ್‌ನ ಆಡಂಬರವನ್ನು ಉರುಳಿಸಲು ಬಂದ ಪಂಕ್ ಹುಡುಗರು ಸದ್ದು ಮಾಡಿದ್ದು ಅದು ಹುಟ್ಟಿದ ಗೋಡೆಗಳ ನಡುವೆಯೇ.

1969ರಲ್ಲಿ ಅಲ್ಲಿದ್ದದ್ದು ಎಂಟು ಟ್ರ್ಯಾಕಿನ ಯಂತ್ರ. ಡ್ರಮ್ಸು, ಬೇಸು, ಗಿಟಾರು, ಹಾಡು, ಕೊಳಲು ಎಂದು ಲೆಕ್ಕ ಹಾಕಿದರೆ ಎಂಟು ಬೇಗ ಮುಗಿಯುತ್ತದೆ. ಮೆಲೋಟ್ರಾನಿನ ಪದರಗಳಿಗೆ ಜಾಗ ಬೇಕಾದಾಗ ಇರುವ ಟ್ರ್ಯಾಕುಗಳನ್ನು ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ, ಖಾಲಿಯಾದ ಕಡೆ ಹೊಸದನ್ನು ಮುದ್ರಿಸಬೇಕು. ಹೀಗೆ ಇಳಿಸಿದ ಪ್ರತಿ ಸಲವೂ ಟೇಪಿನ ಹಿಸ್ಸೆಂಬ ಸದ್ದು ಸೇರುತ್ತದೆ, ಸ್ವರದ ಅಂಚು ಸವೆಯುತ್ತದೆ. ಒಮ್ಮೆ ಬೆರೆಸಿದ್ದನ್ನು ಬಿಡಿಸುವ ಹಾಗೂ ಇಲ್ಲ.

ನಿರ್ಮಾಣ: ಕಿಂಗ್ ಕ್ರಿಮ್ಸನ್, ಇ.ಜಿ.ಗಾಗಿ

ಇ.ಜಿ. ಎಂದರೆ ಡೇವಿಡ್ ಎಂಥೋವನ್ ಮತ್ತು ಜಾನ್ ಗೇಡನ್, ಬ್ಯಾಂಡಿನ ವ್ಯವಹಾರ ನೋಡಿಕೊಂಡ ಇಬ್ಬರು. ನಿರ್ಮಾಪಕನಾಗಿ ಮೊದಲು ಬಂದವನು ಮೂಡಿ ಬ್ಲೂಸ್‌ನ ನಿರ್ಮಾಪಕ ಟೋನಿ ಕ್ಲಾರ್ಕ್. ಕೂಡಿಬರಲಿಲ್ಲ, ಆ ಕೆಲಸವನ್ನು ಅಲ್ಲಿಗೇ ಬಿಟ್ಟು, ಅನುಭವವಿಲ್ಲದ ಈ ಹುಡುಗರು ತಾವೇ ಕೈಹಾಕಿದರು. ಬಂದದ್ದನ್ನು ಕೇಳಿ ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಪತ್ರಿಕೆಯಲ್ಲಿ ಬಾಯಿತುಂಬ ಹೊಗಳಿ ಬರೆದ. ಕ್ಲಾರ್ಕ್ ಕೈಯಲ್ಲಿ ಇದು ಮೂಡಿ ಬ್ಲೂಸ್‌ನ ಇನ್ನೊಂದು ತಟ್ಟೆಯಾಗುತ್ತಿತ್ತು ಎಂಬುದು ನನ್ನ ಊಹೆ.

ಮರುಬಿಡುಗಡೆಯ ಸಾಲು: ಮೂಲ ಮಾಸ್ಟರ್ ಟೇಪಿನಿಂದ

ಈ ಸಾಲು ಬಂದದ್ದು 2004ರಲ್ಲಿ. ಹಾಗಾದರೆ ಅದಕ್ಕೆ ಹಿಂದಿನವು ಯಾವುದರಿಂದ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಎಂಟು ಟ್ರ್ಯಾಕನ್ನು ಎರಡಕ್ಕೆ ಇಳಿಸಿ ಸ್ಟೀರಿಯೊ ಮಾಸ್ಟರ್ ಮಾಡಿದ ಯಂತ್ರದಲ್ಲಿ ಧ್ವನಿ ಬರೆಯುವ ಹೆಡ್ ವಾರೆಯಾಗಿತ್ತು. ಆಲ್ಬಂ ಮುಗಿದ ಮೇಲೆ ಅದು ಗೊತ್ತಾಯಿತು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ 15,000 ಹರ್ಟ್ಸ್‌ನ ಒಂದು ಅಲೆಗೆ ಸಿಗುವ ಜಾಗ ಇಂಚಿನ ಸಾವಿರದ ಒಂದು ಪಾಲು. ಹೆಡ್ ಕಣ್ಣಿಗೆ ಕಾಣದಷ್ಟು ವಾಲಿದರೂ ಅಷ್ಟು ಸಣ್ಣ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಿಂಬಲ್ಲಿನ ಮಿನುಗು, ಉಸಿರಿನ ಸದ್ದು ಮೊದಲು ಹೋಗುತ್ತವೆ. ಜೊತೆಗೆ ಬೇಡದ ಒರಟುತನವೂ ಸೇರಿಕೊಂಡಿತು. ಅಮೆರಿಕದ ಅಟ್ಲಾಂಟಿಕ್ ಕಂಪನಿಗೆ ಕಳಿಸುವಾಗ ಇದನ್ನು ಆದಷ್ಟು ಸರಿಪಡಿಸಿ ಒಂದು ನಕಲು ತೆಗೆದರು. ಮೂಲ ಟೇಪನ್ನು ಎಲ್ಲೋ ಎತ್ತಿಟ್ಟರು, ಎಲ್ಲಿಟ್ಟರೆಂಬುದು ಮರೆತೇಹೋಯಿತು.

ಮುಂದಿನ ಮೂರು ದಶಕ ಜಗತ್ತು ಕೇಳಿದ್ದು ನಕಲಿನ ಸಂತತಿಯನ್ನು. ಮೊದಲ ಸಿಡಿಗಳು ಮಂಕು. 1989ರಲ್ಲಿ ಫ್ರಿಪ್ ಮತ್ತು ಟೋನಿ ಆರ್ನಲ್ಡ್ ತಿದ್ದಿದರು. 1999ರಲ್ಲಿ ಮೂವತ್ತನೆಯ ವರ್ಷಕ್ಕೆ ಸೈಮನ್ ಹೇವರ್ಥ್ ಜೊತೆ ಮತ್ತೊಮ್ಮೆ. ಇಬ್ಬರಿಗೂ ಸಿಕ್ಕ ಸಾಮಗ್ರಿಯೇ ಸೋಸಿದ್ದು. ಎಷ್ಟು ಉಜ್ಜಿದರೂ ಅಷ್ಟೇ. ಈ ಶತಮಾನದ ಆರಂಭದಲ್ಲಿ ಕಳೆದುಹೋದ ಮೂಲ ಟೇಪು ಉಗ್ರಾಣದಲ್ಲಿ ಸಿಕ್ಕಿತು, 2004ರ ಸಿಡಿ ಅದರಿಂದ ಬಂತು. ವಾರೆ ಹೆಡ್ಡಿನ ದೋಷ ಅದರಲ್ಲೂ ಇದೆ. ಆದರೆ ಅದು 1969ರ ದೋಷ.

ಮರುಬಿಡುಗಡೆಯ ಸಾಲು: ಹೊಸ ಮಿಕ್ಸ್, ಸ್ಟೀವನ್ ವಿಲ್ಸನ್ ಮತ್ತು ರಾಬರ್ಟ್ ಫ್ರಿಪ್

ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಮೊದಲನೆಯದರಲ್ಲಿ ಬೆರೆತುಹೋದ ಎರಡು ಟ್ರ್ಯಾಕಿನ ಟೇಪನ್ನು ಒರೆಸಿ ಹೊಳಪು ಕೊಡುತ್ತಾರೆ. ಎರಡನೆಯದರಲ್ಲಿ ಮಾಸ್ಟರನ್ನು ಪಕ್ಕಕ್ಕಿಟ್ಟು, ಎಂಟು ಟ್ರ್ಯಾಕಿನ ಟೇಪಿಗೇ ಹಿಂತಿರುಗಿ ಹೊಸದಾಗಿ ಬೆರೆಸುತ್ತಾರೆ. ಅಂದರೆ ವಾರೆ ಹೆಡ್ಡಿನ ಪೀಡೆ ಬುಡದಿಂದಲೇ ತಪ್ಪಿತು.

2009ರ ಕೆಲಸ ಅಲ್ಲಿಗೂ ನಿಲ್ಲಲಿಲ್ಲ. ಜಾಗ ಸಾಲದೆ ಬೆರೆಸಿ ಇಳಿಸಿದ್ದರು ಎಂದೆನಲ್ಲ, ಇಳಿಸುವ ಮೊದಲಿನ ಟೇಪುಗಳೂ ಉಳಿದಿದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ತಂದು, ಒಂದರ ಪಕ್ಕ ಒಂದಿಟ್ಟು, ಓಟ ಹೊಂದಿಸಿ ಜೋಡಿಸಿದರು. 1969ರಲ್ಲಿ ಒಟ್ಟಿಗೆ ಸೇರಿಹೋಗಿದ್ದ ವಾದ್ಯಗಳು ಮತ್ತೆ ಬಿಡಿಯಾದವು. ಧ್ವನಿಮುದ್ರಣದ ವೇಳೆ ಆ ಹುಡುಗರಿಗೇ ಕೇಳಲು ಸಿಗದಿದ್ದ ಸ್ಪಷ್ಟತೆ ಈಗ ಸಿಕ್ಕಿದೆ. ಐದು ಸ್ಪೀಕರು, ಒಂದು ವೂಫರಿನ ಸರೌಂಡ್ ಮಿಕ್ಸು ಬೇರೆ. ವಿಲ್ಸನ್‌ಗೆ ಇದರಿಂದ ಹೊಸ ಕಸುಬೇ ಹುಟ್ಟಿತು. ಜೆತ್ರೊ ಟಲ್, ಯೆಸ್, ಜೆಂಟಲ್ ಜೈಂಟ್ ಎಲ್ಲ ಅವನ ಮೇಜಿಗೆ ಬಂದವು. 2019ರ ಐವತ್ತನೆಯ ವರ್ಷಕ್ಕೆ ಇದೇ ಆಲ್ಬಮ್ಮನ್ನು ಅವನು ಮತ್ತೊಮ್ಮೆ ಬೆರೆಸಿದ.

ಗುಣ ಒಪ್ಪಿಕೊಳ್ಳೋಣ. ಆದರೂ ಸ್ಕಿಜಾಯ್ಡ್ ಮ್ಯಾನ್ ವಿಷಯದಲ್ಲಿ ನನಗೆ ಅನುಮಾನವಿದೆ. ಆ ಹಾಡಿನ ಒರಟುತನದಲ್ಲಿ ಎಷ್ಟು ಪಾಲು ಬೇಕೆಂದೇ ಹಾಕಿದ್ದು, ಎಷ್ಟು ಪಾಲು ವಾರೆ ಹೆಡ್ಡು ಕೊಟ್ಟದ್ದು ಎಂದು ಇವತ್ತು ಬೇರೆ ಮಾಡುವುದು ಹೇಗೆ? ದನಿ ಕೆಡಿಸಿದ್ದು ಬೇಕೆಂದೇ. ಸಿಂಬಲ್ಲು ಮಬ್ಬಾದದ್ದು ಬೇಡದೆ. ಕೇಳಿದವರಿಗೆ ಎರಡೂ ಒಂದೇ ಏಟಿನಲ್ಲಿ ತಾಗಿತ್ತು. ಹೊಸ ಮಿಕ್ಸಿನಲ್ಲಿ ನಾಲ್ವರು ನಿಪುಣರು ಅದ್ಭುತವಾಗಿ ನುಡಿಸುವುದು ಕೇಳುತ್ತದೆ. ಹಳೆಯದರಲ್ಲಿ ಏನೋ ಅನಾಹುತ ಆಗುತ್ತಿರುವುದು ಕೇಳುತ್ತಿತ್ತು.

ಕೊನೆಯ ಸಾಲು: ಹಕ್ಕುಗಳು

1969ರಲ್ಲಿ ಬ್ರಿಟನ್ನಿನಲ್ಲಿ ಐಲಂಡ್, ಅಮೆರಿಕದಲ್ಲಿ ಅಟ್ಲಾಂಟಿಕ್. ಇ.ಜಿ. ಜೊತೆ ಫ್ರಿಪ್‌ನ ವ್ಯಾಜ್ಯ ವರ್ಷಗಟ್ಟಲೆ ನಡೆದು 1997ರಲ್ಲಿ ಮುಗಿಯಿತು. ಅಷ್ಟರೊಳಗೆ, 1992ರಲ್ಲೇ, ಅವನು ಡೇವಿಡ್ ಸಿಂಗಲ್ಟನ್ ಜೊತೆ ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್ ಎಂಬ ಸ್ವಂತ ಕಂಪನಿ ತೆರೆದಿದ್ದ. ಮೇಲಿಂದ ಮೇಲೆ ಮರುಬಿಡುಗಡೆ ಮಾಡಲು ಸಾಧ್ಯವಾದದ್ದು ಟೇಪೂ ಹಕ್ಕೂ ಕೈಗೆ ಬಂದದ್ದರಿಂದ. ಹಕ್ಕಿನ ವಿಷಯದಲ್ಲಿ ಇವರು ಜಿಗುಟು. ಕಾನ್ಯೆ ವೆಸ್ಟ್ 2010ರ ಪವರ್ ಹಾಡಿನಲ್ಲಿ ಸ್ಕಿಜಾಯ್ಡ್ ಮ್ಯಾನ್ ತುಣುಕು ಬಳಸಿದ್ದಕ್ಕೆ ಸ್ಟ್ರೀಮಿಂಗ್ ಗೌರವಧನ ಕಡಿಮೆ ಬಂತೆಂದು ಹಕ್ಕುದಾರ ಕಂಪನಿ 2022ರಲ್ಲಿ ಲಂಡನ್ನಿನ ಕೋರ್ಟಿಗೆ ಹೋಯಿತು, 2024ರಲ್ಲಿ ರಾಜಿಯಾಯಿತು. ಸ್ಪಾಟಿಫೈಗೆ ಈ ಆಲ್ಬಂ ಬಂದದ್ದೂ ತಡವಾಗಿ, 2019ರಲ್ಲಿ.

2020ರಲ್ಲಿ ಆ ಒಂದು ವರ್ಷದ ಧ್ವನಿಮುದ್ರಣಗಳನ್ನೆಲ್ಲ ತುಂಬಿ 26 ಡಿಸ್ಕಿನ ಪೆಟ್ಟಿಗೆ ತಂದರು. ಅದು ಸಂಶೋಧಕರಿಗೆ. ಉಳಿದವರು ಒಂದೇ ಕೊಳ್ಳುವುದಾದರೆ 2004ರದನ್ನು ಕೊಳ್ಳಿ, 1969ರಲ್ಲಿ ಜನ ಕೇಳಿದ್ದಕ್ಕೆ ಅದು ಹತ್ತಿರ. ಜೈಲ್ಸನ ಕೈ ಹೇಗೆ ಓಡುತ್ತದೆಂದು ಕೇಳಬೇಕಾದವರಿಗೆ 2009ರದು ಇರಲಿ. ಹಳೆಯ ಅಂಗಡಿಯಲ್ಲಿ ಕವರು ಕೈಗೆ ಸಿಕ್ಕರೆ ಕೆಂಪು ಮುಖಕ್ಕೆ ಮರುಳಾಗಬೇಡಿ, ಎಲ್ಲದರ ಮೇಲೂ ಅದೇ ಮುಖವಿದೆ. ಹಿಂದೆ ತಿರುಗಿಸಿ, ಸಮಯ ಅಚ್ಚಾಗಿದ್ದರೆ ಮೂನ್‌ಚೈಲ್ಡ್ ಎದುರಿಗೆ 12 ಇದೆಯೋ 9 ಇದೆಯೋ ನೋಡಿಕೊಳ್ಳಿ.